ಅತ್ತೆಯ ಪಟ್ಟೆಯೂ ಚಿನ್ನದೆಲೆಯ ಬಾಟಲಿಯೂ

ತಾವು ಕಾಣದ್ದನ್ನು ಕಂಡವರ ಹಾಗೆ ವರ್ಣಿಸಿ ಹೊಟ್ಟೆ ಹೊರೆಯುವವರು ಲೋಕದಲ್ಲಿ ಇಬ್ಬರೇ. ಒಬ್ಬ ಜೋಯಿಸ, ಇನ್ನೊಬ್ಬ ಶಾಲೆಯ ಮಾಸ್ತರ. ಜೋಯಿಸನಿಗಾದರೆ ಕೇಳುವವರ ಭಯಭಕ್ತಿಯ ಬೆಂಬಲವಾದರೂ ಇದೆ. ನಮ್ಮೆದುರು ಕೂತ ನಲವತ್ತು ಹುಡುಗರಲ್ಲಿ ಅದೂ ಇಲ್ಲ. ನಮ್ಮ ಶಾಲೆಯ ಭೂಗೋಳದ ಮಾಸ್ತರರು ಕುಮಟೆಯಿಂದ ಆಚೆ ಹೋದವರೇ ಅಲ್ಲ. ಆದರೂ ಹಿಮ ಬೀಳುವ ಪಾಠ ಬಂದ ದಿನ ಹೆಗಲ ಮೇಲಿನ ಶಾಲನ್ನು ಬಿಗಿಯಾಗಿ ಹೊದ್ದು, ಬೆವರು ಸುರಿಸುತ್ತಲೇ ಹಲ್ಲು ಕಟಕಟಿಸುತ್ತಿದ್ದರು. ಅವರನ್ನು ನೋಡಿ ನಗುವ ಅಧಿಕಾರ ನನಗಿರಲಿಲ್ಲ. ಏಕೆಂದರೆ ನಾನು ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಐದು ವರ್ಷ ವಿದ್ಯುಚ್ಛಕ್ತಿಯನ್ನು ಕಲಿಸಿದವನು, ಮತ್ತು ಆಗ ಆ ಊರಿನಲ್ಲಿ ವಿದ್ಯುಚ್ಛಕ್ತಿ ಇರಲಿಲ್ಲ. ವಿದ್ಯುದ್ದೀಪದ ಬಗ್ಗೆ ಹುಡುಗರು ಬರೆದ ಉತ್ತರಗಳನ್ನು ನಾನು ತಿದ್ದುತ್ತಿದ್ದದ್ದು ಚಿಮಣಿ ದೀಪದ ಬುಡದಲ್ಲಿ. ಯುದ್ಧದ ಕಾಲವಾದ್ದರಿಂದ ಆ ದೀಪದ ಎಣ್ಣೆಯೂ ರೇಶನ್ನಿನದು.

ಅದರಲ್ಲೂ ನನಗೆ ಗಂಟುಬಿದ್ದದ್ದು ಸ್ಥಿರ ವಿದ್ಯುತ್ತಿನ ಪಾಠ. ಪುಸ್ತಕ ಬರೆದ ಪುಣ್ಯಾತ್ಮ ಯಾವ ಬಯಲುಸೀಮೆಯಲ್ಲಿ ಕೂತು ಬರೆದನೋ ಗೊತ್ತಿಲ್ಲ. ಒಣಗಿದ ಗಾಜಿನ ಕೋಲನ್ನು ಒಣಗಿದ ರೇಷ್ಮೆಯಿಂದ ಉಜ್ಜಬೇಕಂತೆ, ಆಗ ಕೋಲಿನಲ್ಲಿ ವಿದ್ಯುದಂಶ ಕೂಡುತ್ತದಂತೆ. ಆ ಪಾಠ ಸರಿಯಾಗಿ ಆಷಾಢ ಶ್ರಾವಣದಲ್ಲಿ ಬರುತ್ತಿತ್ತು. ಆಗ ಹೊನ್ನಾವರದಲ್ಲಿ ಒಣಗಿದ್ದು ಎಂಬುದು ಏನಿರುತ್ತದೆ? ಮರಿಗೆಯಲ್ಲಿಟ್ಟ ಉಪ್ಪು ನೀರಾಗಿರುತ್ತದೆ. ಹಪ್ಪಳವನ್ನು ಕರವಸ್ತ್ರದ ಹಾಗೆ ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಡಬಹುದು. ಚಪ್ಪಲಿಗೆ ಹಸಿರು ಬೂಷ್ಟು ಬಂದಿರುತ್ತದೆ. ಇನ್ನು ವಿದ್ಯುದಂಶದ ಸ್ವಭಾವವೋ, ಅದಕ್ಕೆ ಒಂದು ಕಡೆ ಕೂತು ಗೊತ್ತೇ ಇಲ್ಲ. ಲೋಹ, ನೀರು, ಹಸಿನೆಲ, ಮನುಷ್ಯನ ಮೈ, ಇವಕ್ಕೆಲ್ಲ ವಾಹಕ ಎಂದು ಹೆಸರು. ಇವುಗಳಲ್ಲಿ ಯಾವುದಕ್ಕೆ ಒಂದು ಕಡೆ ತಗಲಿದರೂ ಕ್ಷಣದಲ್ಲಿ ಎಲ್ಲ ಕಡೆ ಹರಡಿ, ದಾರಿ ಸಿಕ್ಕಿದರೆ ಭೂಮಿಗೆ ಇಳಿದು ಹೋಗುತ್ತದೆ. ಗಾಜು, ರೇಷ್ಮೆ, ಅರಗು ಅದನ್ನು ಹಿಡಿದು ನಿಲ್ಲಿಸುತ್ತವೆ. ಆದರೆ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ನೀರಿನ ಪೊರೆ ಕೂತರೆ ಸಾಕು, ಅದೂ ಕೈಕೊಡುತ್ತದೆ. ಹಾಗಾಗಿ ಜೂನಿನಿಂದ ಸಪ್ಟಂಬರಿನವರೆಗೆ ನಮ್ಮಲ್ಲಿ ಊರಿಗೆ ಊರೇ ವಾಹಕ.

ನಮ್ಮ ಶಾಲೆಯ ಸಾಯನ್ಸ್ ಕಪಾಟಿನಲ್ಲಿ ಒಂದು ಗಾಜಿನ ಬಾಟಲಿ ಇತ್ತು. ಅದರ ಬಾಯಿಗೆ ಗಂಧಕದ ಬಿರಡೆ, ಬಿರಡೆಯ ನಡುವೆ ತೂರಿಸಿದ ಹಿತ್ತಾಳೆಯ ಕಡ್ಡಿ. ಕಡ್ಡಿಯ ಮೇಲ್ತುದಿಯಲ್ಲಿ ಒಂದು ಬಿಲ್ಲೆ, ಬಾಟಲಿಯೊಳಗಿನ ಕೆಳತುದಿಯಲ್ಲಿ ಚಿನ್ನದ ಎರಡು ತೆಳ್ಳಗಿನ ಎಲೆ. ವಿದ್ಯುದಂಶ ತಗಲಿದರೆ ಎರಡು ಎಲೆಗಳಿಗೂ ಒಂದೇ ಬಗೆಯದು ಹರಿದು, ಒಂದನ್ನೊಂದು ದೂಡಿ, ಎಲೆಗಳು ಅಗಲುತ್ತವೆ. ಅಂದರೆ, ಅಗಲಬೇಕು. ಐದು ಮಳೆಗಾಲದಲ್ಲಿ ಅವು ಒಂದು ಸಲವೂ ಅಗಲಿರಲಿಲ್ಲ. ನಾನು ಉಜ್ಜಿ ಉಜ್ಜಿ ಕೈಸೋತ ಮೇಲೆ ಮೇಜನ್ನು ಮೊಣಕಾಲಿನಿಂದ ಮೆಲ್ಲಗೆ ಅಲ್ಲಾಡಿಸಿ, "ಕಂಡಿರಾ?" ಎಂದು ಕೇಳುತ್ತಿದ್ದೆ. ಹುಡುಗರು ನನ್ನ ಮೇಲಿನ ಕರುಣೆಯಿಂದ "ಕಂಡೆವು" ಎಂದು ಜರ್ನಲಿನಲ್ಲಿ "ಎಲೆಗಳು ಅಗಲಿದವು" ಎಂದು ಬರೆದುಕೊಳ್ಳುತ್ತಿದ್ದರು. ಟೊಳ್ಳಾದ ವಾಹಕದಲ್ಲಿ ವಿದ್ಯುದಂಶ ಹೊರಮೈಯಲ್ಲಿ ಮಾತ್ರ ಇರುತ್ತದೆ, ಒಳಗೆ ಇರುವುದಿಲ್ಲ ಎಂಬ ಇನ್ನೊಂದು ಪ್ರಯೋಗವಿತ್ತು. ನಮ್ಮಲ್ಲಿ ಹೊರಗೂ ಇರುತ್ತಿರಲಿಲ್ಲ, ಒಳಗೂ ಇರುತ್ತಿರಲಿಲ್ಲ. ಅರ್ಧ ಪಾಠವಾದರೂ ಸರಿಯಾಯಿತಲ್ಲ ಎಂದು ನಾನು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಇನ್ನು ಅತ್ತೆಯ ವಿಷಯಕ್ಕೆ ಬರುತ್ತೇನೆ. ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ. ನನ್ನ ಅಪ್ಪನ ಅಕ್ಕ, ಕಾಯ್ಕಿಣಿಯ ಗಂಗತ್ತೆ. ಕಣ್ಣಿಗೆ ಔಷಧ ಬಿಡಿಸಿಕೊಳ್ಳಲು ಹದಿನೈದು ದಿನಕ್ಕೆಂದು ಶರಾವತಿಯನ್ನು ತಾರಿಯ ದೋಣಿಯಲ್ಲಿ ದಾಟಿ ನಮ್ಮ ಬಾಡಿಗೆ ಮನೆಗೆ ಬಂದವಳು, ಹನ್ನೊಂದನೆಯ ತಿಂಗಳಲ್ಲಿಯೂ ಔಷಧ ಬಿಡಿಸಿಕೊಳ್ಳುತ್ತಲೇ ಇದ್ದಳು. ಪ್ರೀತಿಯ ಜೀವ. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವಳು, ಈಗಲೂ ನನ್ನ ಊಟದ ಎಲೆಗೆ ತುಪ್ಪವನ್ನು ತಾನೇ ಬಡಿಸಬೇಕೆನ್ನುವವಳು. ಆದರೆ ಅವಳ ಮಡಿ ಮಾತ್ರ ಮಹಾ ಮಡಿ. ನಮ್ಮ ಮನೆಯೋ ಎರಡೇ ಅಂಕಣದ್ದು. ಅಡಿಗೆಮನೆಯಲ್ಲಿ ಒಬ್ಬರು ತಿರುಗಿದರೆ ಇನ್ನೊಬ್ಬರಿಗೆ ತಾಗದೆ ಇರುವುದು ಸಾಧ್ಯವಿಲ್ಲ. ತಾಗಿದ ಕೂಡಲೇ ನನ್ನ ಹೆಂಡತಿ ಸುಶೀಲೆ ಬಾವಿಕಟ್ಟೆಗೆ ಓಡಬೇಕು. ದಿನಕ್ಕೆ ನಾಲ್ಕು ಸ್ನಾನ. ಆ ಮಳೆಗಾಲದಲ್ಲಿ ಅವಳ ತಲೆಕೂದಲು ಒಂದು ದಿನವೂ ಒಣಗಿರಲಿಲ್ಲ, ನೆಗಡಿ ಬಿಟ್ಟಿರಲಿಲ್ಲ.

"ಇವರ ಕಣ್ಣಿಗೆ ಔಷಧ ಎಂತಕ್ಕೆ ಹೇಳಿ?" ಎಂದು ಅವಳು ಸೀನುಗಳ ನಡುವೆ ನನ್ನನ್ನು ಕೇಳಿದಳು. "ಹಿತ್ಲ ಬಾಗಿಲಲ್ಲಿ ನನ್ನ ಸೆರಗಿನ ತುದಿ ತಾಗಿದ್ದು ಒಲೆ ಬುಡದಲ್ಲಿ ಕೂತವಕ್ಕೆ ಕಾಣ್ತಲ್ಲ! ಇನ್ನೊಂದು ಸ್ನಾನ ಹೆಚ್ಚಾದ್ರೆ ಆನು ಧಾರೇಶ್ವರಕ್ಕೆ ಹೋಗ್ತೆ." ಧಾರೇಶ್ವರ ಅವಳ ತವರು.

ನಾನು ಸಾಯನ್ಸ್ ಮಾಸ್ತರ, ಸುಧಾರಣೆಯ ಮಾತಾಡುವವನು. ಅತ್ತೆಯೊಡನೆ ವಾದ ಮಾಡಿ ಹೆಂಡತಿಯ ಪಕ್ಷ ಹಿಡಿಯಬೇಕಾಗಿತ್ತು. ಅದರ ಬದಲು ಹೊರಜಗಲಿಯಲ್ಲಿ ಕೂತು ಅತ್ತೆಯ ನಿಯಮಗಳ ಅಭ್ಯಾಸಕ್ಕೆ ತೊಡಗಿದೆ. ಅಭ್ಯಾಸ ಮಾಡಿದಷ್ಟೂ ನನ್ನ ಕಣ್ಣು ಅರಳಿತು. ಒದ್ದೆ ಹತ್ತಿಬಟ್ಟೆಯಿಂದ ಮೈಲಿಗೆ ಹರಿಯುತ್ತದೆ, ರೇಷ್ಮೆಯಿಂದ ಹರಿಯುವುದಿಲ್ಲ. ಕಂಬಳಿಯಿಂದಲೂ ಇಲ್ಲ. ತಾಮ್ರದ ಕೊಡದ ಒಂದು ಕಡೆ ಮುಟ್ಟಿದರೆ ಇಡೀ ಕೊಡಕ್ಕೆ ಆಯಿತು. ಒಣಗಿದ ಅಕ್ಕಿಯ ರಾಶಿಗೆ ಆಗಲಿಲ್ಲ. ಅದೇ ಅಕ್ಕಿ ಬೆಂದು ಅನ್ನವಾದರೆ ತಪ್ಪಲೆಗೆ ತಪ್ಪಲೆಯೇ ಹೋಯಿತು. ಹತ್ತು ಜನ ಕೈಕೈ ತಾಗಿಸಿ ನಿಂತರೆ ಮೊದಲನೆಯವನದು ಹತ್ತನೆಯವನಿಗೂ ಬಂತು. ಮಡಿಬಟ್ಟೆಯನ್ನು ಕೈಯಿಂದ ಮುಟ್ಟದೆ ಗಳುವಿನ ಮೇಲಿಂದ ಎತ್ತಿಕೊಳ್ಳಲು ಅತ್ತೆಯ ಹತ್ತಿರ ಒಂದು ಮಡಿಕೋಲಿತ್ತು. ನಮ್ಮ ಪುಸ್ತಕದಲ್ಲಿಯೂ ವಿದ್ಯುದಂಶವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಲು ಅವಾಹಕದ ಹಿಡಿ ಬೇಕೆಂದಿದೆ. ನಾನು ಒಂದು ಕಾಗದದಲ್ಲಿ ಎರಡು ಸಾಲು ಎಳೆದು, ಒಂದರಲ್ಲಿ ಪುಸ್ತಕದ ಪಟ್ಟಿ, ಇನ್ನೊಂದರಲ್ಲಿ ಅತ್ತೆಯ ಪಟ್ಟಿ ಬರೆದೆ. ಚಿನ್ನ ಮತ್ತು ಪಿಂಗಾಣಿ, ಇವೆರಡರ ವಿಷಯದಲ್ಲಿ ಮಾತ್ರ ಪುಸ್ತಕಕ್ಕೂ ಅತ್ತೆಗೂ ಭಿನ್ನಾಭಿಪ್ರಾಯವಿತ್ತು. ಚಿನ್ನ ಒಳ್ಳೆಯ ವಾಹಕ ಎಂದು ಪುಸ್ತಕ, ಚಿನ್ನಕ್ಕೆ ಮೈಲಿಗೆಯೇ ಇಲ್ಲ ಎಂದು ಅತ್ತೆ. ಪಿಂಗಾಣಿ ಏನನ್ನೂ ಹರಿಯಗೊಡುವುದಿಲ್ಲ ಎಂದು ಪುಸ್ತಕ. ಪಿಂಗಾಣಿ ಕಪ್ಪು ಮನೆಯ ಹೊಸ್ತಿಲು ದಾಟಕೂಡದು ಎಂದು ಅತ್ತೆ. ಈ ಪಟ್ಟಿಯ ಹಿಂದೆ ನಗುವಂಥದ್ದಲ್ಲದ ಸಂಗತಿಯೂ ಇತ್ತು. ನಮ್ಮ ಅಂಗಳದಾಚೆಯೇ ನಿಂತು ಮಾತಾಡಿ ಹೋಗುವ ಮನುಷ್ಯರಿದ್ದರು, ಅವರ ಮಕ್ಕಳು ನನ್ನ ವರ್ಗದಲ್ಲಿದ್ದರು. ಆ ಮಕ್ಕಳ ಮುಖ ನೋಡಿದಾಗ ನನಗೆ ನಾಚಿಕೆಯಾಗುತ್ತಿತ್ತು. ನಾಚಿಕೆಪಟ್ಟುಕೊಂಡೇ ಮನೆಗೆ ಬಂದು, ಜಗಲಿಯಲ್ಲಿ ಶಾಲೆಯ ಅಂಗಿ ಬಿಚ್ಚಿಟ್ಟು, ಕಾಲು ತೊಳೆದು, ಏನನ್ನೂ ಮುಟ್ಟದೆ ಒಳಗೆ ಬರುತ್ತಿದ್ದೆ. ನನ್ನ ಸುಧಾರಣೆ ಅಷ್ಟಕ್ಕೆ ಮುಗಿಯುತ್ತಿತ್ತು.

ಹೀಗಿರುವಾಗ ಒಂದು ದಿನ ನಮ್ಮ ಹೆಡ್ಮಾಸ್ತರರು ಕೈಯಲ್ಲಿ ಕಾಗದ ಹಿಡಿದು ವರ್ಗದ ಬಾಗಿಲಿಗೇ ಬಂದರು. "ಮಾಸ್ತರ್ರೇ, ಹೊಸ ಇನ್ಸ್ಪೆಕ್ಟರ್ ಸಾಹೇಬ್ರು ಬರುವ ಸೋಮವಾರ ಬರ್ತಾರೆ. ಘಟ್ಟದ ಮೇಲಿನವರು, ಸಾಯನ್ಸ್ ಕಲ್ತವರು. ಸ್ಥಿರ ವಿದ್ಯುತ್ತಿನ ಪ್ರಯೋಗ ಕಣ್ಣಾರೆ ನೋಡ್ಬೇಕಂತೆ. ಎಲೆ ಅಗಲ್ತದಲ್ಲ?"

"ಅಗಲ್ತದೆ" ಎಂದೆ. ಐದು ವರ್ಷ ಜರ್ನಲಿನಲ್ಲಿ ಹಾಗೆಂದೇ ಬರೆಸಿದ ಬಾಯಿ ಬೇರೇನು ಹೇಳೀತು? ಹೆಡ್ಮಾಸ್ತರರು ಹೋಗುವಾಗ ಇನ್ನೊಂದು ಮಾತು ಸೇರಿಸಿದರು. ನಾನು ಐದು ವರ್ಷದಿಂದ ಹಂಗಾಮಿ. ಈ ಸಲ ಸಾಹೇಬರ ಷರಾ ಒಳ್ಳೆಯದಾಗಿ ಬಂದರೆ ಕಾಯಂ. ಬರದಿದ್ದರೆ ನನ್ನ ಜಾಗಕ್ಕೆ ಬೇರೆಯವರನ್ನು ತರುವುದೆಂದು ಶಾಲೆಯ ಕಮಿಟಿ ತೀರ್ಮಾನಿಸಿದೆಯಂತೆ. ಎಲೆ ಅಗಲಲೇಬೇಕು, ಇಲ್ಲದಿದ್ದರೆ ನಾನು ಶಾಲೆಯಿಂದ ಅಗಲಬೇಕು ಎಂಬಲ್ಲಿಗೆ ವಿಷಯ ಬಂದು ನಿಂತಿತು.

ಮೊದಲು ಬೇಕಾದದ್ದು ಒಣ ರೇಷ್ಮೆ. ಶಾಲೆಯ ರೇಷ್ಮೆ ತುಂಡನ್ನು ಜಿರಲೆಗಳು ತಿಂದು ಮುಗಿಸಿದ್ದವು. ಆದಿತ್ಯವಾರ ತಾರಿ ದಾಟಿ, ಇದ್ದಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಕೆಮ್ಮುತ್ತ ಭಟ್ಕಳಕ್ಕೆ ಹೋದೆ. ಅಲ್ಲಿಯ ಬಟ್ಟೆ ಅಂಗಡಿಯ ಸಾಹೇಬರು ಒಂದು ತುಂಡು ಬಿಡಿಸಿ ತೋರಿಸಿ, ತಾವೇ ಮಡಿಸಿ ಒಳಗಿಟ್ಟರು. "ಮಾಸ್ತರ್ ಸಾಬ್, ಇದು ನಕಲಿ. ಅಸಲಿ ರೇಷ್ಮೆ ಲಡಾಯಿ ಮುಗಿದ ಮೇಲೆ ಬನ್ನಿ, ಕೊಡುವಾ" ಎಂದರು. ಸೋಮವಾರದೊಳಗೆ ಲಡಾಯಿ ಮುಗಿಯುವ ಲಕ್ಷಣ ಕಾಣಲಿಲ್ಲ. ತೊಯ್ದು ತೊಪ್ಪೆಯಾಗಿ ಸಂಜೆ ಮನೆಗೆ ಬಂದು ಜಗಲಿಯಲ್ಲಿ ಕೂತು ತಲೆಯೆತ್ತಿದರೆ, ಅಡಿಗೆಮನೆಯ ಬಾಗಿಲೊಳಗೆ, ಒಲೆಯ ಮೇಲಿನ ಗಳುವಿನಲ್ಲಿ, ಹಗಲಿಡೀ ಬಿಸಿ ಹೊಗೆ ಕುಡಿದು ಗರಿಗರಿಯಾಗಿ ಒಣಗಿದ ಅತ್ತೆಯ ಮಡಿಪಟ್ಟೆ! ಅಚ್ಚ ರೇಷ್ಮೆ. ಆ ಹೊತ್ತಿಗೆ ಹೊನ್ನಾವರ ತಾಲೂಕಿನಲ್ಲಿಯೇ ಒಣಗಿದ್ದು ಅಂತ ಇದ್ದರೆ ಅದೊಂದೇ ಇರಬೇಕು.

"ಅತ್ತೆ, ನಿನ್ನ ಪಟ್ಟೆ ಒಂದು ದಿನಕ್ಕೆ ಬೇಕಾಗಿತ್ತು" ಎಂದೆ.

"ಎಂತಕ್ಕೆ ತಮಾ? ಶ್ರಾದ್ಧ ಇದ್ದಾ?"

"ಇಲ್ಲೆ. ಗಾಜಿನ ಕೋಲು ಉಜ್ಜಲೆ."

"ಗಾಜು ಉಜ್ಜಲೆ ಬೂದಿ ಸಾಲ್ತಿಲ್ಯಾ?"

ನಾನು ವಿಷಯವೆಲ್ಲ ಬಿಡಿಸಿ ಹೇಳಿದೆ. ರೇಷ್ಮೆಗೆ ಮೈಲಿಗೆ ಇಲ್ಲವೆಂದು ನೀನೇ ಹೇಳುತ್ತೀಯಲ್ಲ ಎಂದು ಅವಳದೇ ಶಾಸ್ತ್ರವನ್ನು ಅವಳಿಗೆ ತೋರಿಸಿದೆ. ಅತ್ತೆ ನನ್ನ ಅಂಗೈಯನ್ನು ದೂರದಿಂದಲೇ ನೋಡಿದಳು. "ರೇಷ್ಮೆಗೆ ಇಲ್ಲೆ, ನಿನ್ನ ಕೈಗೆ ಇದ್ದು. ಅದು ಇಡೀ ತಾಲೂಕು ಮುಟ್ಟಿ ಬಂದ ಕೈ. ಪಟ್ಟೆ ಕೊಡ್ಲೆ ಆಗ್ತಿಲ್ಲೆ."

ಇಲ್ಲಿಯವರೆಗೆ ಬಾಗಿಲ ಹಿಂದೆ ನಿಂತು ಕೂದಲು ಹಿಂಡುತ್ತಿದ್ದ ಸುಶೀಲೆ ಮೆಲ್ಲಗೆ ಒಂದು ಮಾತು ತೇಲಿಬಿಟ್ಟಳು. "ಇರ್ಲಿ ಬಿಡಿ. ಕೆಲಸ ಹೋದ್ರೆ ಎಲ್ಲರೂ ಕಾಯ್ಕಿಣಿಗೇ ಹೋಪನ. ಅಲ್ಲಿ ನಾಗವೇಣಕ್ಕ ಇದ್ದವಲ್ಲ, ಅವೇ ನಮ್ಮನ್ನೆಲ್ಲ ನೋಡ್ಕತ್ತ."

ನಾಗವೇಣಕ್ಕ ಅತ್ತೆಯ ಓರಗಿತ್ತಿ. ಅವರಿಬ್ಬರ ನಡುವೆ ಉಪ್ಪಿನಕಾಯಿ ಭರಣಿಯ ವಿಷಯದಲ್ಲಿ ಹಿಂದೆ ಯಾವಾಗಲೋ ಏನೋ ನಡೆದು, ಈಗ ಮಾತುಕತೆ ಇರಲಿಲ್ಲ. ಹನ್ನೊಂದು ತಿಂಗಳು ಕಣ್ಣಿನ ಔಷಧ ಮುಗಿಯದೆ ಇದ್ದದ್ದಕ್ಕೂ ಅದೇ ಕಾರಣವೆಂದು ನನಗೆ ಆಗ ಹೊಳೆಯಿತು. ಅತ್ತೆ ಸ್ವಲ್ಪ ಹೊತ್ತು ಒಲೆಯ ಕೆಂಡವನ್ನು ಕೆದಕಿದಳು. ಆಮೇಲೆ, "ಪಟ್ಟೆ ಕೊಡ್ತಿಲ್ಲೆ. ಉಜ್ಜುದಾದ್ರೆ ಆನೇ ಬಂದು ಉಜ್ಜಿ ಕೊಡ್ತೆ. ಯಾರೂ ಮುಟ್ಟಲಾಗ, ಅಷ್ಟೇಯ" ಎಂದಳು.

ಸೋಮವಾರ ಹೊನ್ನಾವರದ ಪೇಟೆಯಲ್ಲಿ ಒಂದು ಮೆರವಣಿಗೆ ಹೊರಟಿತು. ಮುಂದೆ ಶಾಲೆಯ ಶಿಪಾಯಿ, ಅವನ ತಲೆಯ ಮೇಲೆ ಕೆಂಡ ಮಾಡಲು ಒಣ ತೆಂಗಿನ ಗೆರಟೆಯ ಚೀಲ. ಅವನಿಂದ ಹತ್ತು ಮಾರು ಹಿಂದೆ ಅತ್ತೆ, ಮಡಿಕೋಲಿನ ತುದಿಗೆ ತೂಗುಹಾಕಿದ ಮುಚ್ಚಳದ ಬುಟ್ಟಿಯಲ್ಲಿ ಪಟ್ಟೆ. ಅವಳಿಗೆ ತಾಗದ ಹಾಗೆ, ಬುಟ್ಟಿಗೆ ಮಳೆ ಬೀಳದ ಹಾಗೆ, ಎರಡು ಕೈಗಳಲ್ಲಿ ಎರಡು ಕೊಡೆಗಳನ್ನು ತೋಳುದ್ದ ಮುಂದೆ ಚಾಚಿ ಹಿಡಿದು ನಾನು. ನನ್ನ ತಲೆಯ ಮೇಲೆ ಮಾತ್ರ ಕೊಡೆ ಇರಲಿಲ್ಲ. ಅಂಗಡಿಯವರು ಎದ್ದು ನಿಂತು ನೋಡಿದರು. "ಎಂತ ಮಾಸ್ತರ್ರೇ, ದೇವ್ರು ಎಲ್ಲಿಗೆ ಹೊಂಟದ್ದು?" ಎಂದು ಒಬ್ಬ ಕೇಳಿಯೂ ಬಿಟ್ಟ. ಎದುರು ಬಂದ ಮೀನುಗಾರ ಹೆಂಗಸರು ತಾವಾಗಿಯೇ ಪಕ್ಕಕ್ಕೆ ಸರಿದು, ಬುಟ್ಟಿ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ನಕ್ಕರು. ನನಗೂ ನಗು ಬಂತು, ಆದರೆ ನಕ್ಕರೆ ಕೊಡೆ ಅಲುಗುತ್ತಿತ್ತು.

ಇನ್ಸ್ಪೆಕ್ಟರ್ ಸಾಹೇಬರು ಹಿಂದಿನ ದಿನವೇ ದೇವಿಮನೆ ಘ‌ಟ್ಟ ಇಳಿದು ಕುಮಟೆಗೆ ಬಂದಿದ್ದರು. ದೊಡ್ಡ ಮೀಸೆಯ ದೊಡ್ಡ ಆಳು. ಬರುವಾಗಲೇ, "ನಮ್ಮ ವಿಜಾಪುರದ ಕಡೆ ಬ್ಯಾಸಗ್ಯಾಗ ಕಂಬಳಿ ಕೊಡವಿದ್ರ ಸಾಕ್ರಿ, ಪಟಪಟ ಕಿಡಿ ಹಾರ್ತಾವ. ಭಾಳ ಸರಳ ಪ್ರಯೋಗ" ಎಂದು ಹೇಳುತ್ತ ವರ್ಗದೊಳಗೆ ಕಾಲಿಟ್ಟರು. ಒಳಗೆ ಮೇಜಿನ ಸುತ್ತ ನಾಲ್ಕು ಮೊಳ ಜಾಗ ಖಾಲಿ. ಮೇಜಿನ ಮೇಲೆ ಬಾಟಲಿ, ಬಾಟಲಿಯ ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ, ಎದುರಿಗೆ ಮಣೆಯ ಮೇಲೆ ನಿಂತ ಅತ್ತೆ. ಅವಳು ಒಂದು ಗಂಟೆ ಮೊದಲೇ ಬಂದು ಬಿರಡೆಯನ್ನೂ ಗಾಜಿನ ಕೋಲನ್ನೂ ಹಪ್ಪಳದ ಹಾಗೆ ಹಿಂದೆ ಮುಂದೆ ಕಾಯಿಸಿದ್ದಳು. ಮೊದಲ ಎರಡು ಬೆಂಚುಗಳನ್ನು ಗೋಡೆಯವರೆಗೆ ಹಿಂದೆ ತಳ್ಳಿಸಿದ್ದಳು. ಮಳೆಯ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದಳು.

"ಇವರು ಯಾರ್ರೀ ಮಾಸ್ತರ?" ಎಂದರು ಸಾಹೇಬರು.

"ನಮ್ಮ ಅತ್ತೆ" ಎಂದೆ. ಹೆಡ್ಮಾಸ್ತರರ ಮುಖ ನೋಡಿ, "ಪ್ರಯೋಗಕ್ಕೆ ಸಹಾಯಕರು" ಎಂದು ಸೇರಿಸಿದೆ.

ಸಾಹೇಬರು ಏನೋ ಕೇಳಲು ಬಾಯಿ ತೆರೆದರು, ಅಷ್ಟರಲ್ಲಿ ಅತ್ತೆಯ ಅಪ್ಪಣೆ ಹೊರಟಿತು. "ಯಾರೂ ಹತ್ರ ಬರಡಿ! ಮುಟ್ಟಡಿ! ಇತ್ಲಾಗೆ ಉಸ್ರು ಬಿಡಡಿ!" ನಲವತ್ತು ಹುಡುಗರು ಉಸಿರು ಹಿಡಿದರು. ಹೆಡ್ಮಾಸ್ತರರೂ ಹಿಡಿದರು. ನನ್ನ ಪುಸ್ತಕ ಬರೆದವನು ಇಡೀ ಒಂದು ಅಧ್ಯಾಯದಲ್ಲಿ ಹೇಳಲು ಹೆಣಗಿದ ಎಚ್ಚರಿಕೆಗಳೆಲ್ಲ ಆ ಮೂರು ಮಾತಿನಲ್ಲಿ ಮುಗಿದಿದ್ದವು. ಅತ್ತೆ ಪಟ್ಟೆಯಲ್ಲಿ ಗಾಜಿನ ಕೋಲನ್ನು ಹಿಡಿದು, ದೇವರ ಹಿತ್ತಾಳೆ ದೀಪ ತಿಕ್ಕುವ ರಭಸದಲ್ಲಿ ಹತ್ತು ಸಲ ಉಜ್ಜಿ, ಕೋಲನ್ನು ಬಾಟಲಿಯ ಬಿಲ್ಲೆಯ ಕಡೆಗೆ ಚಾಚಿದಳು.

ಎಲೆಗಳು ಅಗಲಿದವು.

ನಾನು "ಅಯ್ಯೋ!" ಎಂದು ಕೂಗಿಬಿಟ್ಟೆ. ಐದು ವರ್ಷ ಕಲಿಸಿದ್ದನ್ನು ಮೊದಲ ಸಲ ಕಣ್ಣಿನಿಂದ ಕಂಡವನ ಗಂಟಲಿನಿಂದ ಬೇರೆ ಶಬ್ದ ಬರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ, "ಹೌದ್ರಾ! ಜರ್ನಲಿನಲ್ಲಿ ಬರ್ದ ಹಾಗೇ ಆತು!" ಎಂದ. ನಾನು ಸಾಹೇಬರ ಕಡೆ ನೋಡಲಿಲ್ಲ. ಅತ್ತೆ ಕೋಲನ್ನು ಹಿಂದೆ ತಂದಳು, ಎಲೆಗಳು ಕೂಡಿದವು. ಮುಂದೆ ತಂದಳು, ಅಗಲಿದವು. ಅವಳಿಗೂ ಖುಷಿಯಾಗಿ ಮತ್ತೆ ಮತ್ತೆ ಮಾಡಿದಳು. ಆಮೇಲೆ ನಾನು ಹೇಳಿದಂತೆ ಕೋಲನ್ನು ಬಿಲ್ಲೆಗೆ ಒರೆಸಿದಳು. ಈಗ ಕೋಲು ದೂರ ತಂದರೂ ಎಲೆಗಳು ಅಗಲಿಕೊಂಡೇ ನಿಂತವು. ನನಗೆ ಕುಣಿಯಬೇಕೆನಿಸಿತು, ಒದ್ದೆ ಧೋತರ ಕಾಲಿಗೆ ಸುತ್ತಿಕೊಂಡಿದ್ದರಿಂದ ಸುಮ್ಮನಿದ್ದೆ.

"ಭಾಳ ಚಂದ! ಭಾಳ ಚಂದ!" ಎನ್ನುತ್ತ ಸಾಹೇಬರು ಮುಂದೆ ಬಂದು ಬಗ್ಗಿ, ತೋರುಬೆರಳು ಚಾಚಿ, ಬಿಲ್ಲೆಯನ್ನು ಮುಟ್ಟಿದರು. ಎಲೆಗಳು ಪಟ್ಟನೆ ಮುಚ್ಚಿಕೊಂಡವು.

"ಮುಟ್ಟಿದ್ರಾ!" ಅತ್ತೆ ಮಣೆಯ ಮೇಲಿಂದ ಗುಡುಗಿದಳು. "ಮುಟ್ಟಡಿ ಹೇಳಿ ಎಷ್ಟು ಸಲ ಹೇಳವು? ಇಷ್ಟು ದೊಡ್ಡ ಜೀವ ಆಯ್ದು, ಕೈ ಸುಮ್ಮನೆ ಇಟ್ಕಂಬಲೆ ಬತ್ತಿಲ್ಯಾ? ಈಗ ಎಲ್ಲ ಹೋತು! ಹಿಂದೆ ಸರೀರಿ!"

ಹೆಡ್ಮಾಸ್ತರರು ಕಣ್ಣು ಮುಚ್ಚಿಕೊಂಡರು. ನನಗೆ ಕಾಯ್ಕಿಣಿಯ ನಾಗವೇಣಕ್ಕನ ಮುಖ ಕಣ್ಣೆದುರು ಬಂದು ನಿಂತಿತು. ಸಾಹೇಬರು ಬೆರಳನ್ನು ಹಾಗೆಯೇ ಹಿಡಿದು ಒಂದು ಕ್ಷಣ ನಿಂತರು, ಆಮೇಲೆ ಮೀಸೆ ಅಲುಗುವ ಹಾಗೆ ಗಹಗಹಿಸಿ ನಕ್ಕು ನಾಲ್ಕು ಹೆಜ್ಜೆ ಹಿಂದೆ ಸರಿದರು. "ಖರೇ ಅದ ಅವ್ವಾರ, ತಪ್ಪು ನಂದು! ನೋಡ್ರೋ ಹುಡುಗರ್ಯಾ, ನನ್ನ ಮೈ ವಾಹಕ. ಎಲಿಯೊಳಗ ಇದ್ದದ್ದು ನನ್ನ ಬೆರಳಿನಿಂದ ನೆಲಕ್ಕ ಇಳದು ಹೋತು. ಇದಕ್ಕಿಂತ ಚಲೋ ಪಾಠ ಯಾರು ಹೇಳ್ಯಾರು?" ಎಂದರು. ನಾನು ಮತ್ತೆ ಉಸಿರಾಡಿದೆ, ಅತ್ತೆಯ ಕಡೆಗಲ್ಲದೆ ಬೇರೆ ಕಡೆಗೆ.

ಆಮೇಲೆ ಯಾವುದಕ್ಕೂ ತಡೆಯಿರಲಿಲ್ಲ. ಮೇಣದ ಗಟ್ಟಿಯ ಮೇಲೆ ತಾಮ್ರದ ತಂಬಿಗೆ ಇಟ್ಟು, ಕೋಲನ್ನು ಉಜ್ಜಿ ಉಜ್ಜಿ ತಂಬಿಗೆಗೆ ಒರೆಸಿ ವಿದ್ಯುದಂಶ ಕೂಡಿಸಿದೆವು. ಅರಗಿನ ಕಡ್ಡಿಗೆ ಒಂದು ತಾಮ್ರದ ಬಿಲ್ಲೆ ಅಂಟಿಸಿ, ಅದನ್ನು ತಂಬಿಗೆಯ ಹೊರಮೈಗೆ ಮುಟ್ಟಿಸಿ ಬಾಟಲಿಯ ಮೇಲಿನ ಬಿಲ್ಲೆಗೆ ತಾಗಿಸಿದರೆ ಎಲೆ ಅಗಲಿತು. ಒಳಗೆ ಇಳಿಸಿ ಒಳಮೈ ಮುಟ್ಟಿಸಿ ತಂದರೆ ಅಲುಗಲೇ ಇಲ್ಲ. ಎಷ್ಟೇ ಕೂಡಿಸಿದರೂ ಒಳಗೆ ಸೊನ್ನೆ. ಅತ್ತೆ ತಲೆದೂಗಿ, "ಒಳಗೆ ಚೊಕ್ಕ ಇದ್ದು. ಅದಕ್ಕೇ ನೀರು ಒಳಗೆ ತುಂಬುದು" ಎಂದಳು. ಸಾಹೇಬರು ಅದನ್ನೂ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಇಷ್ಟಕ್ಕೆ ನಾನು ಪಾಠ ಮುಗಿಸಬೇಕಾಗಿತ್ತು. ಅತ್ತೆಯೂ ಪಟ್ಟೆ ಮಡಿಸತೊಡಗಿದ್ದಳು. ಮಡಿಸುತ್ತ ಮಡಿಸುತ್ತ ಅವಳ ಕೈ ನಿಂತಿತು. "ತಮಾ, ಒಂದು ಕೇಳ್ತೆ. ಮೊದಲ ಸಲ ಕೋಲು ಬಿಲ್ಲೆಗೆ ತಾಗಿತ್ತಿಲ್ಲೆ. ಒಂದು ಗೇಣು ದೂರ ಇತ್ತು. ಮುಟ್ಟದೇ ಎಲೆ ಎಂತಕ್ಕೆ ಅಗಲಿದ್ದು?"

ಎಂಥ ಪ್ರಶ್ನೆ! ಐದು ವರ್ಷದಲ್ಲಿ ಒಬ್ಬ ಹುಡುಗನೂ ನನ್ನನ್ನು ಅದನ್ನು ಕೇಳಿರಲಿಲ್ಲ. ಸಾಹೇಬರು ಕೈಕಟ್ಟಿ ನಿಂತು ನನ್ನ ಉತ್ತರಕ್ಕೆ ಕಾದರು. ಆಗ ನನ್ನ ಮೈಯಲ್ಲಿ ಅದೆಲ್ಲಿಂದ ಉತ್ಸಾಹ ಬಂತೋ, ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತೆ. ವಿದ್ಯುದಂಶವಿರುವ ವಸ್ತು ಇನ್ನೊಂದನ್ನು ಮುಟ್ಟಲೇಬೇಕೆಂದಿಲ್ಲ. ಹತ್ತಿರ ಬಂದರೆ ಸಾಕು. ಬಂದ ಕೂಡಲೇ ಆ ಇನ್ನೊಂದು ವಾಹಕದಲ್ಲಿ ಸುಮ್ಮನಿದ್ದದ್ದೆಲ್ಲ ಎಚ್ಚೆತ್ತು, ಒಂದು ಬಗೆಯದು ಈಚೆ ತುದಿಗೂ ಇನ್ನೊಂದು ಬಗೆಯದು ಆಚೆ ತುದಿಗೂ ಸರಿಯುತ್ತದೆ. ನಡುವೆ ಗಾಳಿ ಇರಲಿ, ಗಾಜಿರಲಿ, ರೇಷ್ಮೆಯೇ ಇರಲಿ, ಅದರ ಪ್ರಭಾವ ತಡೆಯುವುದಿಲ್ಲ. ಹೆಚ್ಚು ಉಜ್ಜಿದರೆ ಹೆಚ್ಚು ದೂರಕ್ಕೆ ತಟ್ಟುತ್ತದೆ. ಚಿತ್ರ ಬರೆದೆ, ಬಾಣ ಬರೆದೆ, ಕೈಯೆತ್ತಿ ಕೈಯಿಳಿಸಿ ಹೇಳಿದೆ. ಅಷ್ಟು ಚೆನ್ನಾಗಿ ನಾನು ಹಿಂದೆ ಎಂದೂ ಪಾಠ ಮಾಡಿರಲಿಲ್ಲ. ಸಾಹೇಬರು ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ಕಣ್ಣು ಮಿಟುಕಿಸದೆ, ಹಲಗೆಯ ಮೇಲಿನ ಪ್ರತಿಯೊಂದು ಬಾಣವನ್ನೂ ನೋಡುತ್ತ ನಿಂತಿದ್ದಳು. ಎಂಥ ಶ್ರದ್ಧೆಯ ವಿದ್ಯಾರ್ಥಿ ಎಂದು ನನಗೆ ಹೆಮ್ಮೆಯೂ ಆಯಿತು.

ಮರುದಿನ ಸಂಜೆ ಶಾಲೆಯಿಂದ ಬಂದು, ಎಂದಿನಂತೆ ಅಂಗಿ ಬಿಚ್ಚಿಟ್ಟು, ಕಾಲು ತೊಳೆದು, ಜಗಲಿ ಹತ್ತಲು ಹೋದೆ. "ಅಲ್ಲೇ ನಿಲ್ಲು!" ಎಂದು ಒಳಗಿನಿಂದ ಕೂಗು ಬಂತು. ಅಂಗಳದ ಅಂಚಿನಲ್ಲಿ, ಮಾಡಿನ ಕೆಳಗೆ, ಶೇಡಿಮಣ್ಣಿನಿಂದ ಒಂದು ಬಿಳಿ ಗೆರೆ ಎಳೆದಿತ್ತು.

"ಆನು ಎಂತ ಮುಟ್ಟಿದ್ನಿಲ್ಲೆ ಅತ್ತೆ!" ಎಂದೆ.

"ಮುಟ್ಟುದೇ ಬೇಡ ಹೇಳಿ ನೀನೇ ಹೇಳಿದ್ದಲ್ದಾ ಸಾಹೇಬ್ರ ಎದುರಿಗೆ? ಹತ್ರ ಬಂದ್ರೆ ಸಾಕಡ. ನಡುವೆ ರೇಷ್ಮೆ ಇದ್ರೂ ತಡೀತಿಲ್ಲೆ ಅಡ. ಎನ್ನ ಕಣ್ಣಲ್ಲೇ ನೋಡಿದ್ದೆ. ಹತ್ತು ಸಲ ಉಜ್ಜಿದ ಕೋಲು ಒಂದು ಗೇಣು ದೂರದಿಂದ ಎಲೆ ಅಲುಗಿಸ್ತು. ನೀನು ನಲವತ್ತು ಮಾಣಿಗಳ ಒಟ್ಟಿಗೆ ದಿನ ಇಡೀ ಉಜ್ಜಿಕಂಡು ಬತ್ತೆ. ಎಷ್ಟು ದೂರಕ್ಕೆ ತಾಗ್ತು, ನೀನೇ ಲೆಕ್ಕ ಹಾಕು."

ಇದು ವಿದ್ಯುತ್ತಿನ ಮಾತು, ಮೈಲಿಗೆಯ ಮಾತಲ್ಲ ಎಂದು ನಾನು ಅಂಗಳದಲ್ಲಿಯೇ ನಿಂತು ಕೂಗಿ ಕೂಗಿ ಹೇಳಿದೆ. ಅವೆರಡೂ ಒಂದೇ ದಾರಿಯಲ್ಲಿ ಹರಿಯುತ್ತವೆಂದು ಪಟ್ಟಿ ಮಾಡಿದವನು ನಾನೇ. ಆ ಪಟ್ಟಿಯನ್ನು ಓದಿ ಹೇಳಿದವಳು ಸುಶೀಲೆಯಂತೆ. ಅವಳು ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮನೆಯ ಮೈಲಿಗೆಗೆಲ್ಲ ಮೂಲ ಗಂಡನೆಂದು ಪ್ರಯೋಗದಿಂದಲೇ ಸಿದ್ಧವಾದ ಮೇಲೆ ಅವಳಿಗೆ ದಿನಕ್ಕೆ ಒಂದೇ ಸ್ನಾನವೆಂದು ಅತ್ತೆ ತೀರ್ಪು ಕೊಟ್ಟಿದ್ದಳು. ಇನ್ನು ಮೇಲೆ ದಿನವೂ ಶಾಲೆಯಿಂದ ಬಂದು ಬಾವಿಕಟ್ಟೆಯಲ್ಲಿ ಮಿಂದಲ್ಲದೆ ಗೆರೆ ದಾಟುವಂತಿಲ್ಲದವನು ನಾನು. ಆ ಮಳೆಗಾಲದಲ್ಲಿ ಮೊದಲ ಸಲ ಸುಶೀಲೆಯ ಕೂದಲು ಒಣಗಿತ್ತು. ಒಣಗಿದ ಕೂದಲಿನಲ್ಲಿ ಅವಳು ಬಹಳ ಚೆನ್ನಾಗಿ ಕಾಣುತ್ತಿದ್ದಳು ಎಂಬುದನ್ನು ನಾನು ಗೆರೆಯಾಚೆಯಿಂದ ಗಮನಿಸಿದೆ.

ತಿಂಗಳೊಳಗೆ ಕಾಗದ ಬಂತು. ನೌಕರಿ ಕಾಯಂ. ಕಾಗದ ಹಿಡಿದು ಮಳೆಯಲ್ಲಿಯೇ ಓಡಿ ಬಂದು, ಅಂಗಳದಿಂದಲೇ "ಕಾಯಂ ಆತು!" ಎಂದು ಕೂಗಿದೆ. ಸುಶೀಲೆ ಸಂತೋಷದಿಂದ ಎರಡು ಹೆಜ್ಜೆ ಮುಂದೆ ಬಂದವಳು ಗೆರೆ ನೋಡಿ ನಿಂತಳು. ಅತ್ತೆಯ ಕಣ್ಣಲ್ಲಿ ನೀರು ಬಂತು, ನಿಜವಾದ ನೀರು. "ದೇವ್ರು ದೊಡ್ಡವ. ಇನ್ನು ನೀನು ಮುದುಕ ಆಪಲ್ಲಿವರೆಗೆ ದಿನಾ ಶಾಲೆಗೆ ಹೋಪಲಕ್ಕು" ಎಂದು ಹರಸಿ, "ಹೋಗು, ಮಿಂದ್ಕ ಬಾ. ಪಾಯಸ ಮಾಡ್ತೆ" ಎಂದಳು.

ನಾನು ಬಾವಿಕಟ್ಟೆಗೆ ಹೋದೆ. ನೀರು ಸೇದುತ್ತ ನನ್ನ ಆ ದಿನದ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲಿ ಮತ್ತೊಮ್ಮೆ ಹೇಳಿಕೊಂಡೆ, ಎಲ್ಲಾದರೂ ಒಂದು ತಪ್ಪು ಸಿಕ್ಕಿದರೆ ಅತ್ತೆಗೆ ತೋರಿಸಿ ಬಚಾವಾಗಬಹುದೆಂದು. ಒಂದೂ ಸಿಗಲಿಲ್ಲ. ಕೊಡ ಎತ್ತಿ ತಲೆಯ ಮೇಲೆ ಸುರಿದುಕೊಂಡೆ.